ಮೊದಲ ತುತ್ತು ನನ್ನದು

ಆಗಸ್ಟ್ 10, ಭಾನುವಾರ

ನಮ್ಮ ಯಜಮಾನರು ನಿನ್ನೆ ಮನೆಗೆ ಬಂದರು. ಅಬ್ಬಿಗೆರೆಯ ವ್ಯಸನಮುಕ್ತಿ ಕೇಂದ್ರದ ಗೇಟಿನಲ್ಲಿ ನನ್ನನ್ನು ಕಂಡಾಗ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚೀಲ ನೋಡಿದರು. ಬಾಳೆಹಣ್ಣು ಒಯ್ದಿದ್ದೆ. ಆಟೋ ಹುಣಸಮಾರನಹಳ್ಳಿ ಮುಟ್ಟುವವರೆಗೂ ಒಂದಾದ ಮೇಲೆ ಒಂದು ತಿಂದರು. ಲಾರಿಯ ಮೇಲೆ ನಿಂತು ಜಲ್ಲಿ ಇಳಿಸುವವರನ್ನು ಗದರುತ್ತಿದ್ದವರು ಮನೆಯ ಮೆಟ್ಟಿಲಿಗೆ ಗೋಡೆ ಹಿಡಿದರು.

ಅತ್ತೆ ದೃಷ್ಟಿ ತೆಗೆದು, “ಏನಪ್ಪ ಮಹೇಂದ್ರ, ಇಂಗಾಗ್ಬಿಟ್ಟಿದೀಯ. ಅಂಗಿ ಹಾಕಿರೋ ಕೋಲು ಕಂಡಂಗೆ ಕಾಣ್ತೀಯ” ಎಂದರು. ಅವರು ನಕ್ಕರು. ಹಲ್ಲುಗಳು ಮೊದಲಿಗಿಂತ ದೊಡ್ಡವಾಗಿ ಕಾಣುತ್ತವೆ.

ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು ಹೇಳಿದ್ದು ಎರಡೇ ಮಾತು. ಲಿವರ್ ಪೂರ್ತಿ ಹೋಗಿಲ್ಲ, ಹೊಟ್ಟೆಗೆ ಸರಿಯಾಗಿ ಹಾಕಿದರೆ ಉಳಿಯುತ್ತದೆ. ಮತ್ತೆ ಕುಡಿದರೆ ನಮ್ಮ ಹತ್ತಿರ ಕರೆದುಕೊಂಡು ಬರುವಷ್ಟು ಸಮಯ ಇರಲಿಕ್ಕಿಲ್ಲ. ಹಾಗಾದರೆ ಉಳಿಸುವ ಕೆಲಸ ಅಡುಗೆಮನೆಯದು. ಅಷ್ಟು ನನ್ನಿಂದ ಆಗುತ್ತದೆ ಅನ್ನಿಸಿತು.

ಆಗಸ್ಟ್ 16, ಶನಿವಾರ

ಶಾಲೆ ಮುಗಿಸಿ ನೇರವಾಗಿ ಅಬ್ಬಿಗೆರೆಗೆ ಹೋದೆ. ಕೇಂದ್ರದ ಮಹಡಿಯ ಮೇಲೆ ಮನೆಯವರಿಗೆ ಊಟದ ಪಾಠ. ಹೇಳಿಕೊಡುವ ತಸ್ನೀಮ್ ಮೇಡಂ ನನಗಿಂತ ಚಿಕ್ಕವರು. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಮೇಜಿನ ಮೇಲೆ ಮುದ್ದೆ, ಹುರುಳಿಕಾಳು, ಸೊಪ್ಪು, ಮೊಟ್ಟೆ ಇಟ್ಟುಕೊಂಡು ಮಾತಾಡಿದರು.

“ಕುಡಿಯೋರಿಗೆ ಬಾಟ್ಲಿಯಿಂದಾನೇ ಶಕ್ತಿ ಸಿಕ್ಕಿರುತ್ತೆ, ಅದಕ್ಕೇ ಊಟ ಬೇಡ ಅನ್ನಿಸುತ್ತೆ. ಖಾಲಿ ಆಗಿರೋದು ಬೇರೆ ಎಲ್ಲಾ. ಬಿ-ಒನ್ ವಿಟಮಿನ್ ಇಲ್ದೆ ಕಾಲು ಜೋಮು, ಮರೆವು. ಇನ್ನೊಂದು, ಹಸಿವೂ ಕುಡಿಯೋ ಆಸೆಯೂ ಹೊಟ್ಟೆಯೊಳಗೆ ಒಂದೇ ಥರ ಕೂಗುತ್ತೆ. ಯಾವ್ದು ಯಾವ್ದು ಅಂತ ಅವರಿಗೇ ತಿಳಿಯಲ್ಲ. ಅದಕ್ಕೆ ಹೊಟ್ಟೆ ಖಾಲಿ ಬಿಡ್ಬೇಡಿ. ಸ್ವಲ್ಪ ಸ್ವಲ್ಪ, ಪದೇ ಪದೇ.”

ನನ್ನ ಪಕ್ಕದಲ್ಲಿದ್ದ ರತ್ನಕ್ಕ ಕೈ ಎತ್ತಿದರು. ಅವರ ಗಂಡ ಕೇಂದ್ರಕ್ಕೆ ಮೂರನೇ ಸಲ ಸೇರಿದ್ದಾರೆ. “ಮೇಡಂ, ನಮ್ ಯಜಮಾನ್ರು ತರಕಾರಿ ಅಂದ್ರೆ ಆಮ್ಲೆಟ್ ಒಳಗಿರೋ ಈರುಳ್ಳಿ ಅನ್ಕೊಂಡವ್ರೆ. ಅವ್ರಿಗೆ ಏನ್ ಮಾಡ್ಲಿ?”

ಎಲ್ಲರೂ ನಕ್ಕರು. ತಸ್ನೀಮ್ ಕೂಡ ನಕ್ಕು, “ಈರುಳ್ಳಿ ಜಾಸ್ತಿ ಹಾಕಿ, ಅಲ್ಲಿಂದ ಶುರು ಮಾಡೋಣ” ಎಂದರು.

ಆಗಸ್ಟ್ 19, ಮಂಗಳವಾರ

ಸಂಜೆ ಅವರ ಕೈ ನಡುಗುವ ಹೊತ್ತಿಗೆ ಸರಿಯಾಗಿ ತಟ್ಟೆ ತಯಾರು ಮಾಡಿದೆ. ಪಾಠದಲ್ಲಿ ಹೇಳಿದ ಹಾಗೆಯೇ. ಬೇಯಿಸಿದ ಮೊಟ್ಟೆ ಸುಲಿದು ಹೋಳು ಮಾಡಿ ಮೆಣಸಿನಪುಡಿ ಉದುರಿಸಿದೆ. ಬೇಯಿಸಿದ ಕಡಲೆಕಾಯಿ ಬೀಜಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ. ಪಕ್ಕದಲ್ಲಿ ಸೌತೆಕಾಯಿ.

ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

“ಇದೇನೇ ಶಿಲ್ಪ, ಸೈಡ್ಸ್ ತಂದಿಟ್ಟಿದ್ದೀಯ?”

ನನಗೆ ಅರ್ಥವಾಗಲಿಲ್ಲ.

“ಬಾರಲ್ಲಿ ಇದನ್ನೇ ಕಣೆ ಕೊಡೋದು. ನೆಂಚ್ಕೊಳ್ಳೋಕೆ.” ನಗುವುದಕ್ಕೆ ಶುರು ಮಾಡಿದರು, ಮುಗಿಸಲಿಲ್ಲ. ಎದ್ದು ಟೆರೇಸಿಗೆ ಹೋದರು. ಕೆಳಗೆ ಬಂದಾಗ ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

ತಸ್ನೀಮ್‌ಗೆ ಫೋನ್ ಮಾಡಿದೆ. ತಟ್ಟೆಯಲ್ಲಿ ಏನೇನಿತ್ತು ಎಂದು ಇನ್ನೊಂದು ಸಲ ಹೇಳಿಸಿಕೊಂಡರು. “ಹೌದಲ್ವಾ. ನನಗೆ ಹೊಳೆದೇ ಇರ್ಲಿಲ್ಲ. ಬಿಡ್ಬೇಡಿ, ರೂಪ ಬದಲಾಯ್ಸಿ. ಕಡಲೆಬೀಜ ಸಾರಿಗೆ ರುಬ್ಬಿ ಹಾಕಿ. ಮೊಟ್ಟೆ ಪಲ್ಯದಲ್ಲಿ ಸೇರ್ಸಿ.”

ರೂಪ ಬದಲಾಯಿಸುತ್ತೇನೆ.

ಸೆಪ್ಟೆಂಬರ್ 3, ಬುಧವಾರ

ಇವತ್ತು ಮುದ್ದೆಯನ್ನು ತಾವೇ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗಿದರು. ಬೆರಳು ನಡುಗಲಿಲ್ಲ. ಸೊಪ್ಪಿನ ಸಾರಿಗೆ ಕಡಲೆಬೀಜ ರುಬ್ಬಿ ಹಾಕಿದ್ದೆ.

“ಇದಕ್ಕೇನೋ ಹಾಕಿದ್ದೀಯ. ಏನದು?”

“ಹೇಳಲ್ಲ.”

“ಹೇಳ್ಬೇಡ ಬಿಡು. ಇನ್ನೊಂದ್ ಸೌಟು ಹಾಕು.”

ಅತ್ತೆ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು. ಊಟವಾದ ಮೇಲೆ ಇವರು ಬಾಲರಾಜುಗೆ ಫೋನ್ ಮಾಡಿ ಲಾರಿಗಳ ವಿಚಾರ ಕೇಳಿದರು. ಇಬ್ಬರೂ ಸೇರಿ ಮಾಡಿದ ವ್ಯಾಪಾರ, ಈಗ ಬಾಲರಾಜು ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ, ಜೊತೆಗೆ ಲೇಔಟ್ ಬೇರೆ ಮಾಡುತ್ತಾನೆ. ಮಾತಾಡುವಾಗ ಅವರ ದನಿ ಹಳೆಯ ದನಿಯಾಗಿತ್ತು. ಪಾತ್ರೆ ತೊಳೆಯುತ್ತಾ ಅದನ್ನೇ ಕೇಳಿಸಿಕೊಂಡೆ. ನಲ್ಲಿ ನಿಲ್ಲಿಸಿ ಕೇಳಿಸಿಕೊಂಡೆ.

ಸೆಪ್ಟೆಂಬರ್ 18, ಗುರುವಾರ

ಭಾನುವಾರ ಮಹಾಲಯ ಅಮಾವಾಸ್ಯೆ. ಮಾವ ಹೋದ ಮೇಲೆ ಬರುವ ಮೊದಲ ಹಿರಿಯರ ಹಬ್ಬ. ಮಾವನಿಗೆ ಇಷ್ಟವಾದದ್ದೆಲ್ಲ ಎಡೆಯಲ್ಲಿ ಇರಬೇಕು. ಮಟನ್ ಸಾರು, ಕೈಮಾ ಉಂಡೆ, ಕಜ್ಜಾಯ, ಬೀಡಿ. ಮತ್ತು ಬ್ರಾಂದಿ.

ಅದೊಂದು ಬೇಡ ಅತ್ತೆ ಎಂದೆ. ಮನೆಯೊಳಗೆ ಒಂದು ತೊಟ್ಟೂ ಇರಬಾರದು ಎಂದು ಪಾಠದಲ್ಲಿ ಹೇಳಿದ್ದಾರೆ ಎಂದೆ.

“ಸತ್ತೋರಿಗೆ ಇಕ್ಕಾಕೂ ನಿಮ್ ಮೇಡಂನ ಕೇಳ್ಬೇಕಾ? ಆವಯ್ಯ ಜೀವ ಇರಗಂಟ ಸಂಜೆ ಒಂದ್ ಲೋಟ ಬುಟ್ಟೋನಲ್ಲ. ಬರೀ ನೀರಿಕ್ಕಿದ್ರೆ ಒಸ್ಲು ದಾಟಿ ಒಳಕ್ಕೆ ಬತ್ತಾನಾ?”

“ಇವರು ಮನೆಯಲ್ಲೇ ಇರ್ತಾರಲ್ಲ ಅತ್ತೆ.”

“ಎಡೇದು ಯಾರ್ ಮುಟ್ತಾರೆ ಶಿಲ್ಪಾ? ಅವ್ನು ಕುಡುಕ ಆಗಿರ್ಬೋದು, ಹೆತ್ತಪ್ಪನ್ದು ಕಿತ್ಕೊಂಡ್ ಕುಡಿಯೋ ಅಂತೋನಲ್ಲ.”

ಮಾವನ ತಮ್ಮ ವೆಂಕಟಸ್ವಾಮಿಯವರ ಕೈಲಿ ಬಾಟಲಿ ತರಿಸಿ ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಿದ್ದಾರೆ. ಎಲ್ಲಿದೆ ಎಂದು ನನಗೆ ಮಾತ್ರ ಹೇಳಿದರು.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ

ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಬಾಟಲಿ ತೆಗೆದು ಬಚ್ಚಲಿಗೆ ಸುರಿದೆ. ವಾಸನೆ ಹೋಗುವವರೆಗೂ ನೀರು ಹಾಕಿದೆ. ಟೀ ಪುಡಿ ಕುದಿಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ, ತುಂಬಿದೆ. ಬಣ್ಣ ಒಂದೇ. ಬೆಳಕಿಗೆ ಹಿಡಿದು ನೋಡಿದರೂ ಒಂದೇ. ಮುಚ್ಚಳ ತಿರುಗಿಸುವಾಗ ಮಾವನ ಕ್ಷಮೆ ಕೇಳಿದೆ. ಅವರು ನನ್ನನ್ನು ಒಂದು ದಿನವೂ ಗದರಿದವರಲ್ಲ.

ಮಧ್ಯಾಹ್ನ ನಡುಮನೆಯಲ್ಲಿ ಮಾವನ ಫೋಟೋದ ಮುಂದೆ ಬಾಳೆ ಎಲೆ ಹಾಕಿ ಎಡೆ ಇಟ್ಟೆವು. ಬಾಟಲಿಯಿಂದ ಲೋಟಕ್ಕೆ ನಾನೇ ಬಗ್ಗಿಸಿದೆ. ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡೆವು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗಿರಬಾರದು. ಆಮೇಲೆ ಹಿರಿಯ ಮಗ ಬಾಗಿಲು ತಟ್ಟಿ, ತಾನೊಬ್ಬನೇ ಮೊದಲು ಒಳಗೆ ಹೋಗಿ ಅಡ್ಡಬೀಳಬೇಕು, ನಂತರ ಉಳಿದವರನ್ನು ಕರೆಯಬೇಕು. ಈ ಮನೆಯ ಪದ್ಧತಿ ಅದು. ಹಿರಿಯ ಮಗ ಇವರೇ.

ಇವರು ಒಳಗೆ ಹೋದರು. ಕರೆಯುವುದು ತಡವಾಯಿತು. ವೆಂಕಟಸ್ವಾಮಿ ಕೆಮ್ಮಿದರು. ಅತ್ತೆ, “ಅಪ್ಪನ್ನ ನೆನೆಸ್ಕೊಂಡು ಅಳ್ತಾವ್ನೆ, ಅಳ್ಲಿ ಬುಡು” ಎಂದರು.

ನಾವು ಒಳಗೆ ಹೋದಾಗ ಲೋಟ ಖಾಲಿಯಾಗಿತ್ತು.

ಮೊದಲು ಕಂಡದ್ದು ಅತ್ತೆಗೆ. ಕೂಗಿದರು. “ಬಂದವ್ನೆ ಕಣ್ರೋ. ಕುಡಿದ್ಬುಟ್ ಓಗವ್ನೆ ನೋಡ್ರೋ. ಕಂಡ್ರಾ, ನೀರಿಕ್ಕಿದ್ರೆ ಬತ್ತಿದ್ನಾ?” ನೆಲಕ್ಕೆ ಕುಸಿದು ಅಳತೊಡಗಿದರು, ಸಂತೋಷಕ್ಕೆ. ವೆಂಕಟಸ್ವಾಮಿ ಕೈಮುಗಿದರು. ನಾದಿನಿ ಮೋನಿಕಾ ಫೋನಿನಲ್ಲಿ ಲೋಟದ ಫೋಟೋ ತೆಗೆದಳು.

ಅವರು ಫೋಟೋದ ಪಕ್ಕದಲ್ಲಿ ನಿಂತು ಮೀಸೆ ಒರೆಸಿಕೊಳ್ಳುತ್ತಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು ಅವರನ್ನು ನೋಡಿದೆ. ಅಪ್ಪನ ಎಡೆಯಿಂದ ಎತ್ತಿ ಕುಡಿದೆ ಎಂದು ಅವರು ಹೇಳುವ ಹಾಗಿಲ್ಲ. ಸತ್ತವರಿಗೆ ಟೀ ಇಟ್ಟೆ ಎಂದು ನಾನು ಹೇಳುವ ಹಾಗಿಲ್ಲ.

ಎಲ್ಲರಿಗೂ ಎಲೆ ಹಾಕಿ ಬಡಿಸಿದೆ.

ಸೆಪ್ಟೆಂಬರ್ 22, ಸೋಮವಾರ

ತಿಂಡಿ ಬೇಡ ಎಂದರು. ಮಧ್ಯಾಹ್ನ ಹಸಿವಿಲ್ಲ ಎಂದರು. ರಾತ್ರಿ ಅತ್ತೆಯ ಹತ್ತಿರ ಹೊಟ್ಟೆ ಸರಿ ಇಲ್ಲ ಎಂದರು.

ಸೆಪ್ಟೆಂಬರ್ 26, ಶುಕ್ರವಾರ

ನಾಲ್ಕು ದಿನದಿಂದ ನೋಡುತ್ತಿದ್ದೇನೆ. ಬಾಳೆಹಣ್ಣು ತಿಂದರು. ಮೂಸಂಬಿ ತಿಂದರು. ಸುಲಿಯದ ಕಡಲೆಕಾಯಿ ತಂದಿಟ್ಟುಕೊಂಡು ಒಂದೊಂದಾಗಿ ಒಡೆದು ತಿಂದರು. ಅನ್ನ, ಸಾರು, ಪಲ್ಯ ಮುಟ್ಟಲಿಲ್ಲ. ಟೀ ಮುಟ್ಟಲೇ ಇಲ್ಲ. ಸಂಜೆ ಮೊಟ್ಟೆ ಬೇಯಿಸಿ ಸುಲಿದು ಕೊಟ್ಟೆ, ಬೇಡ ಎಂದರು. ಸುಲಿಯದೆ ಕೊಟ್ಟೆ. ತಾನೇ ಸುಲಿದು, ಅತ್ತಿತ್ತ ತಿರುಗಿಸಿ ನೋಡಿ ತಿಂದ.

ಸಿಪ್ಪೆ ಇರುವುದು ಮಾತ್ರ. ನನ್ನ ಕೈ ಒಳಗೆ ಹೋಗದೆ ಇರುವುದು ಮಾತ್ರ.

ಕೇಳಿದೆ. “ಯಾಕ್ರೀ ಹೀಗೆ?”

“ನಿನ್ ಕೈ ಊಟ ಅಂದ್ರೆ ಯಾವ್ದು ಏನು ಅಂತ ಗೊತ್ತಾಗಲ್ಲ ಕಣೆ.” ಸಿಟ್ಟಿನಿಂದ ಹೇಳಿದ್ದಲ್ಲ. ಮೊಟ್ಟೆಯ ಸಿಪ್ಪೆಯನ್ನು ಬೆರಳಿನಿಂದ ಪುಡಿ ಮಾಡುತ್ತಾ ಹೇಳಿದ್ದು.

ಅಕ್ಟೋಬರ್ 4, ಶನಿವಾರ

ಕೇಂದ್ರದಲ್ಲಿ ಅವನ ತೂಕ ನೋಡಿ ತಸ್ನೀಮ್ ಹುಬ್ಬು ಗಂಟು ಹಾಕಿದರು. ಏರಿದ್ದೆಲ್ಲ ಇಳಿದಿದೆ. ಕಾಲಿನ ಜೋಮು ಮತ್ತೆ ಶುರುವಾಗಿದೆ.

ಪಾಠದ ಕೊನೆಗೆ ನಾನು ಎದ್ದು ನಿಂತು ಕೇಳಿದೆ. “ಸಿಪ್ಪೆ ಇರೋದು ಮಾತ್ರ ತಿಂತಾನೆ ಮೇಡಂ. ತಟ್ಟೆಗೆ ಏನು ಹಾಕಿದರೂ ಮುಟ್ಟಲ್ಲ. ಗದರಿದರೆ ಪೂರ್ತಿ ಬಿಟ್ಬಿಡ್ತಾನೆ.”

ಹಿಂದಿನ ಸಾಲಿನಲ್ಲಿದ್ದ ಹೊಸಬಳು, ರಾಣಿ ಎಂದು ಹೆಸರು, ಮುಂದಕ್ಕೆ ಬಾಗಿ, “ಎಷ್ಟನೇ ಕ್ಲಾಸ್ ಅಕ್ಕ ನಿಮ್ ಮಗ? ನಮ್ಮಕ್ಕನ ಮಗನೂ ಹಂಗೇ” ಎಂದಳು.

ನನಗೆ ಮಕ್ಕಳಿಲ್ಲ ಎಂದೆ. ರತ್ನಕ್ಕ ಕಿಟಕಿಯ ಕಡೆ ನೋಡಿದರು. ಆ ಹುಡುಗಿ ಯಾಕೆ ಹಾಗೆ ಕೇಳಿದಳೋ ತಿಳಿಯಲಿಲ್ಲ.

ತಸ್ನೀಮ್ ಮಾತ್ರ ಹತ್ತಿರ ಬಂದು ಕೇಳಿದರು. “ಮನೇಲಿ ಏನಾದ್ರೂ ಆಯ್ತಾ? ಏನಾದ್ರೂ ಬೆರೆಸಿ ಕೊಟ್ರಾ?” ಇಲ್ಲ ಎಂದೆ. ಅದು ನಿಜ. ಬೆರೆಸಲಿಲ್ಲ. “ಹಾಗಾದ್ರೆ ಒಂದೇ ತಟ್ಟೇಲಿ ಕೂತು ತಿನ್ನಿ. ಅವರ ಕಣ್ಮುಂದೆ ಮೊದ್ಲು ನೀವು ತಿನ್ನಿ. ನಂಬಿಕೆ ಹೋಗಿದ್ರೆ ಬಾಯಿಂದ ಬರಲ್ಲ, ಹೊಟ್ಟೆಯಿಂದಾನೇ ಬರ್ಬೇಕು.”

ಅಕ್ಟೋಬರ್ 7, ಮಂಗಳವಾರ

ಮುದ್ದೆ, ಬಸ್ಸಾರು. ತಟ್ಟೆ ಅವನ ಮುಂದಿಟ್ಟು, ಎದುರಿಗೆ ಕುಳಿತು ಒಂದು ತುತ್ತು ಮುರಿದು ತಿಂದೆ. ನುಂಗುವಾಗ ಅವನು ನನ್ನ ಗಂಟಲನ್ನೇ ನೋಡುತ್ತಿದ್ದ. ಬಾಯಿ ತೆರೆದು ತೋರಿಸು ಎನ್ನುತ್ತಾನೇನೋ ಅಂದುಕೊಂಡೆ. ಎನ್ನಲಿಲ್ಲ. ಕಾದ. ಆಮೇಲೆ ತಿಂದ.

ಅತ್ತೆ ಕಂಡು, “ಗಂಡನ್ ಎಲೇಲಿ ಎಡ್ತಿ ಮೊದ್ಲು ಉಣ್ಣಾದಾ? ಇದ್ಯಾವ ಇಸ್ಕೂಲ್ನಾಗೆ ಏಳ್ಕೊಟ್ರು?” ಎಂದರು.

ಅಕ್ಟೋಬರ್ 14, ಮಂಗಳವಾರ

ಉತ್ತರಪತ್ರಿಕೆಗಳನ್ನು ತಿದ್ದಿದೆ. ‘ತಾತ ಊರಿನಿಂದ ಬಂದನು’ ಎಂದು ಬರೆದ ಕಡೆಯಲ್ಲೆಲ್ಲ ‘ಬಂದರು’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಹಿರಿಯರನ್ನು ಏಕವಚನದಲ್ಲಿ ಬರೆಯುವ ಈ ಅಭ್ಯಾಸ ಮಕ್ಕಳಿಗೆ ಎಲ್ಲಿಂದ ಬರುತ್ತದೋ.

ಅವನು ಎರಡು ಮುದ್ದೆ ತಿಂದ. ಎರಡಕ್ಕೂ ಮೊದಲ ತುತ್ತು ನನ್ನದು. ಮೈ ಬರುತ್ತಿದೆ.

ಅಕ್ಟೋಬರ್ 23, ಗುರುವಾರ

ನಿನ್ನೆ ಬಲಿಪಾಡ್ಯಮಿ. ಮಧ್ಯಾಹ್ನ ಬಾಲರಾಜು ಕಾರು ತಂದು ಅವನನ್ನು ಕರೆದುಕೊಂಡು ಹೋದ. ದೀಪ ಹಚ್ಚುವ ಹೊತ್ತಿಗೆ ಅವನು ವಾಪಸು ಬಂದ. ಬಾಯಲ್ಲಿ ಸೋಂಪು. ಸೋಂಪಿನ ಕೆಳಗೆ ಅದು.

ತಟ್ಟೆ ಇಟ್ಟೆ, ಮೊದಲ ತುತ್ತು ತಿಂದೆ, ಅವನ ಕಡೆ ತಳ್ಳಿದೆ.

ಅಕ್ಟೋಬರ್ 27, ಸೋಮವಾರ

ಬಸ್ಸಿನಲ್ಲಿ ಮುಂದಿನ ಸೀಟಿನ ಹಿಂಬದಿಗೆ ಚೀಟಿ ಅಂಟಿಸಿದ್ದರು. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ.’ ಇಂಥವನ್ನು ಎಷ್ಟು ಸಲ ನೋಡಿಲ್ಲ. ಇವತ್ತು ಯಲಹಂಕದಲ್ಲಿ ಇಳಿಯದೆ ಯಶವಂತಪುರದವರೆಗೆ ಹೋದೆ. ಮಾರ್ಕೆಟ್ಟಿನ ಹಿಂದೆ ಮಹಡಿ ಮೇಲೆ ಒಂದು ಕೋಣೆ. ಕುಳಿತಿದ್ದವನು ನನ್ನ ಹೆಸರೂ ಕೇಳಲಿಲ್ಲ.

“ಸಾರಲ್ಲಿ ಬೆರೆಸ್ಬಿಡಿ ಮೇಡಂ. ಇದರ ಮೇಲೆ ಕುಡಿದ್ರೆ ಒದ್ದಾಡ್ಬಿಡ್ತಾರೆ. ಆಮೇಲೆ ಬಾಟ್ಲಿ ಕಂಡ್ರೇ ಓಡ್ತಾರೆ.”

“ಬೇರೆಯವರು ಅದೇ ಸಾರು ತಿಂದರೆ?”

“ಕುಡಿಯೋರಿಗೆ ಮಾತ್ರ ಆಗೋದು. ನೀವೇನ್ ಕುಡೀತೀರಾ?” ಎಂದು ನಕ್ಕ.

ಅವನು ಕೊಟ್ಟ ಪೊಟ್ಟಣದ ಪುಡಿಗೆ ಮೆಂತ್ಯದ ಪುಡಿಯಂಥ ಬಣ್ಣ. ಮನೆಗೆ ಬಂದು ಅತ್ತೆಗೆ ಬೇರೆ ಚಿಕ್ಕ ಪಾತ್ರೆಯಲ್ಲಿ ಸಾರು ತೆಗೆದಿಟ್ಟೆ. ಉಳಿದದ್ದಕ್ಕೆ ಹಾಕಿ ಕುದಿಸಿದೆ. ಮೊದಲ ತುತ್ತು ತಿಂದೆ. ಅವನು ನನ್ನ ಗಂಟಲು ನೋಡಿದ. ತಿಂದ.

ನನ್ನ ಬಾಯಲ್ಲಿ ಕಬ್ಬಿಣದ ಸೌಟು ನೆಕ್ಕಿದ ಹಾಗೆ ಇದೆ. ಅಷ್ಟೇ.

ನವೆಂಬರ್ 1, ಶನಿವಾರ

ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಪಾಠಕ್ಕೆ ಹೋದೆ. ರತ್ನಕ್ಕ ಅದೇ ಚೀಟಿಯ ವಿಚಾರ ತೆಗೆದರು. “ಮೇಡಂ, ಪುಡಿ ಕೊಡ್ತಾರಂತಲ್ಲ, ಊಟದಾಗೆ ಹಾಕ್ಬಿಡೋದಂತೆ?”

ತಸ್ನೀಮ್ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. ಅವರ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ.

“ಡಾಕ್ಟರ್ ಕೊಡೋ ಮಾತ್ರೆ ಒಂದಿದೆ. ಅವರಿಗೆ ಹೇಳಿ, ಅವರು ಒಪ್ಪಿ, ಲಿವರ್, ಹಾರ್ಟ್ ಎಲ್ಲಾ ಟೆಸ್ಟ್ ಮಾಡಿದ ಮೇಲೆ ಕೊಡ್ತಾರೆ. ಈ ಪುಡೀಲಿ ಏನು ಎಷ್ಟಿದೆ ಅಂತ ಮಾರೋನಿಗೂ ಗೊತ್ತಿಲ್ಲ. ತಿಂದಿದ್ದೀನಿ ಅಂತ ಗೊತ್ತಿಲ್ದೆ ಹೊರಗೆ ಹೋಗಿ ಕುಡಿದ್ರೆ ಬಿಪಿ ಬಿದ್ದುಹೋಗುತ್ತೆ, ಹಾರ್ಟ್ ನಿಲ್ಬೋದು. ಲಿವರ್ ಕೆಟ್ಟಿರೋರಿಗೆ ಹೆಚ್ಚು ಹೊತ್ತೇ ಬೇಕಿಲ್ಲ. ನಿಲ್ಸಿದ ಮೇಲೂ ಎಷ್ಟೋ ದಿನ ಮೈಯಲ್ಲಿರುತ್ತೆ. ಯಾರಾದ್ರೂ ಕೊಡ್ತಾ ಇದ್ರೆ ಇವತ್ತೇ ಅವರಿಗೆ ಹೇಳ್ಬಿಡಿ. ನನಗೆ ಹೇಳ್ಬೇಡಿ, ಅವರಿಗೆ ಹೇಳಿ.”

“ಅಯ್ಯೋ, ಕೇಳ್ದೆ ಅಷ್ಟೇ ಕಣವ್ವ” ಎಂದರು ರತ್ನಕ್ಕ.

ಬಸ್ಸಿನಲ್ಲಿ ಯೋಚಿಸಿದೆ. ಕುಡಿಯದವನಿಗೆ ಇದರಿಂದ ಏನೂ ಆಗುವುದಿಲ್ಲ. ನನಗೇ ಆಗಿಲ್ಲ. ಕುಡಿದರೆ, ಅದು ಅವನು ಆರಿಸಿಕೊಂಡದ್ದು. ಯೋಚನೆಯಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಗೆ ಬಂದು ಹುರುಳಿ ಸಾರು ಮಾಡಿದೆ. ಅತ್ತೆಯ ಪಾಲು ಮೊದಲೇ ತೆಗೆದಿಟ್ಟೆ.

ನವೆಂಬರ್ 5, ಬುಧವಾರ

ಉಪ್ಪು ಜಾಸ್ತಿ ಎಂದ. ನನಗೆ ರುಚಿ ಸರಿಯಾಗಿ ತಿಳಿಯುತ್ತಿಲ್ಲ.

ನವೆಂಬರ್ 9, ಭಾನುವಾರ

ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ. ಈ ವರ್ಷದ ಮೊದಲ ಅವರೆಕಾಯಿ. ತಟ್ಟೆ ಇಟ್ಟು, ಮುದ್ದೆ ಮುರಿಯಲು ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದ.

“ಬೇಡ ಬಿಡು ಶಿಲ್ಪ.”

ಗೊತ್ತಾಗಿದೆ ಎಂದುಕೊಂಡೆ.

“ಇಷ್ಟು ದಿನ ನಿನ್ನ ಪರೀಕ್ಷೆ ಮಾಡ್ದೆ. ಇನ್ ಸಾಕು. ನೀನು ಆಮೇಲೆ ಸಮಾಧಾನವಾಗಿ ಕೂತ್ಕೊಂಡು ತಿನ್ನು.” ತಾನೇ ದೊಡ್ಡ ತುತ್ತು ಮುರಿದು, ಅದ್ದಿ ನುಂಗಿದ. ನನ್ನ ಗಂಟಲು ನೋಡಲಿಲ್ಲ. ತಟ್ಟೆಯನ್ನೇ ನೋಡಿ ತಿನ್ನುತ್ತಾ ಮಾತಾಡಿದ. “ಅವತ್ತು ಎಡೆ ಮುಂದೆ ಲೋಟ ಎತ್ತಿದ್ದು ನಾನೇ.”

“ಗೊತ್ತು.”

“ಗೊತ್ತಿರುತ್ತೆ ಅಂತ ನಂಗೂ ಗೊತ್ತು. ಸಕ್ಕರೆ ಆದ್ರೂ ಹಾಕ್ಬೋದಿತ್ತಲ್ಲೇ, ನಮ್ಮಪ್ಪಂಗೆ ಸಪ್ಪೆ ಟೀ ಕುಡಿಸ್ದೆ.” ನಕ್ಕ. ನಗು ಈ ಸಲ ಪೂರ್ತಿಯಾಯಿತು. “ಪಾಡ್ಯದ ದಿನ ಬಾಲರಾಜು ಜೊತೆ ಒಂಚೂರು ತಗೊಂಡಿದ್ದೆ. ಅದನ್ನೂ ಹೇಳ್ಬಿಟ್ಟೆ ನೋಡು. ಇನ್ನೇನೂ ಇಲ್ಲ ಒಳಗೆ. ನೀನೇನಾದ್ರೂ ಹೇಳೋದಿದ್ಯಾ?”

ಕುಕ್ಕರಿನ ಗ್ಯಾಸ್ಕೆಟ್ ತೊಳೆಯಬೇಕು ಎಂದು ಎದ್ದೆ. ಹಿಂದಿನಿಂದ, “ಸಾರು ಇನ್ನೊಂದ್ ಸ್ವಲ್ಪ ಹಾಕು” ಎಂದ. ಹಾಕಿದೆ. ಮತ್ತೆ ಕೇಳಿದ. ಮತ್ತೆ ಹಾಕಿದೆ. ಅತ್ತೆ ಒಳಗೆ ಬಂದು ಅವನ ತಲೆ ಸವರಿ, “ಉಣ್ಣು ಕಂದ” ಎಂದರು.

ಸಂಜೆ ಬಾಲರಾಜು ಲೇಔಟಿನ ಗುದ್ದಲಿ ಪೂಜೆ. ಪೂಜೆ ಆದ ಮೇಲೆ ಅಲ್ಲೇ ಶಾಮಿಯಾನದಲ್ಲಿ ಪಾರ್ಟಿ ಇರುತ್ತದೆ, ಯಾವಾಗಲೂ ಇರುತ್ತದೆ.

“ಸುಮ್ನೆ ಮುಖ ತೋರ್ಸಿ ಬಂದ್ಬಿಡ್ತೀನಿ. ಮುಟ್ಟಲ್ಲ. ನಂಬ್ತೀಯಲ್ಲ?”

“ನಂಬ್ತೀನಿ. ಹೋಗ್ಬನ್ನಿ.”

ಬಿಳಿ ಅಂಗಿ ಹಾಕಿಕೊಂಡ. ಭುಜಕ್ಕೆ ಸರಿಯಾಗಿ ಕೂತಿತ್ತು. ಕನ್ನಡಿಯ ಮುಂದೆ ಮೀಸೆ ಬಾಚಿಕೊಂಡ. ಹೊರಗೆ ಬಾಲರಾಜು ಹಾರ್ನ್ ಹೊಡೆದ. ಅವನು ಬಾಗಿಲವರೆಗೆ ಹೋಗಿ, ಮೂಲೆಯಲ್ಲಿ, ಬೆಂಚಿನ ಕೆಳಗೆ ಹುಡುಕಿ, ತಿರುಗಿ ನನ್ನ ಕಡೆ ನೋಡಿದ. ಚಪ್ಪಲಿ ಕಾಣಿಸುತ್ತಿಲ್ಲ ಎಂದ.

ಹುಡುಕಿ ಕೊಟ್ಟೆ.